ನಾಕು ಬೆರಳಿನ ಕಣ್ಣು

ಈ ತಗಡಿನ ಡಬ್ಬ್ಯಾಗ ನಾಕು ಬಿದಿರಿನ ಚಕ್ಕಿ ಅದಾವು,
ಬಲಿ ಹೆಣಿಯೂಮುಂದ ಕಣ್ಣು ಅಳಿಯೂವು.
ಮೊದಲನೇದು ಅಪ್ಪಂದು, ನಾಕು ಬೆರಳಿನ ಅಗಲ,
ಹಿಡದು ಹಿಡದು ಹುಣಸಿಬೀಜದಂಗ ಮಿಂಚತೈತಿ.
ಬಲಿಗೂ ಕಣ್ಣು ಅಂತೀವಿ ನಾವು ಸುಣಗಾರ್ರು.
ಕಣ್ಣು ದೊಡ್ಡದಿದ್ರ ಸಣ್ಣವಕ್ಕ ದಾರಿ ಇರತೈತಿ,
ಅಂತಿದ್ದ ಅಪ್ಪ, ದಾರದ ತುದಿಗೆ ಎಂಜಲ ಹಚ್ಚಿಗೋತ.

ವರದಾ ಹೊಳಿ ನಮ್ಮೂರ ಕೆಳಗ ಮಗ್ಗಲ ಹೊಳ್ಳೂ ಕಡೆ
ಏಳಾಳಿನ ಮಡು.
ಅಪ್ಪ ಹಗ್ಗಕ್ಕ ಕಲ್ಲು ಕಟ್ಟಿ ಇಳಿಬಿಟ್ಟು
ಮಾರು ಎಣಿಸಿ ನನಗ ತೋರಿಸಿದ್ದ.
ಬ್ಯಾಸಗ್ಯಾಗ ಹೊಳಿ ಹರಕು ದಾರ ಆದ್ರೂ
ಅಲ್ಲಿ ನೀರು ಕರ್ರಗ, ಸುಮ್ಮನ.
ತಾಯಿಮೀನು ಅದರಾಗ ಕುಂತು ಮಳಿ ಕಾಯತಿದ್ವು.
ಮಿರಗಾ ಕೂಡಿ ಕೆನ್ನೀರು ಬಂತಂದ್ರ
ಬಾಳಿಮೀನು ಎದುರೇರಿ ಹೋಗೂ ಸಪ್ಪಳ
ಹೊರಸಿನ ಮ್ಯಾಲ ಮಲಗಿದೋರಿಗೂ ಕೇಳತಿತ್ತು,
ಒದ್ದಿ ಅರಿವಿ ಕಲ್ಲಿಗೆ ಬಡದಂಗ.

ಎರಡನೇ ಚಕ್ಕಿ ಮೂರು ಬೆರಳು.
ಅದನ್ನ ಕೆತ್ತಿದ್ದು ಅಕ್ಕ ದುರಗವ್ವನ ಮದಿವಿ ವರ್ಷೋ
ಹಾವೇರಿ ಸಂತ್ಯಾಗ ರೇಟು ಬಿದ್ದ ವರ್ಷೋ, ನೆನಪಿಲ್ಲ.
ಮೂರನೇದು ಎರಡು ಬೆರಳು.
ಅದು ನೆನಪೈತಿ.
ಕೆತ್ತಿದಾಕಿ ನಾನ.

ಮೀನು ಯಾಕ ಹೋದ್ವು ಅಂತ ಊರಾಗ ಕೇಳ್ರಿ.
ಮೈಲಾರೆಪ್ಪ ಬಾಂದಾರದ ಕಡೆ ಕೈ ಮಾಡತಾನ:
ಮಿರಗಾ ಬಂದ್ರೂ ಹಲಿಗಿ ತಗಿಯೂದಿಲ್ಲ ಮಕ್ಕಳು,
ಮೀನೇನು ನಿಚ್ಚಣಿಕಿ ಹಚ್ಚಿ ಹತ್ತಬೇಕೇನು?
ದಾವಲಬೀಗೆ ರಾತ್ರಿ ಉಸುಕಿನ ಟಿಪ್ಪರಿನ ಸಿಟ್ಟು.
ಮ್ಯಾಗ ಉಸುಕು ಬಗದು ತೆಗ್ಗು ಮಾಡಿದ್ರು,
ದಂಡಿ ಕುಸದು ಕೆಳಗ ನಮ್ಮ ಮಡು ತುಂಬಿತು,
ರಾಡಿ, ರಾಡಿ ಮ್ಯಾಲ ಬೇಶರಮ ಗಿಡ.
ಹುಡುಗರು ತೋಟಾ ಹಾರಿಸಿದ ದಿನ
ಬೊಗಸಿಗೆ ಇಪ್ಪತ್ತು ಮರಿ, ಹೊಟ್ಟಿ ಮ್ಯಾಲಾಗಿ.
ಎಲ್ಲಾ ಖರೆ. ಹಾಕ್ಯಾಡಿ ಮಾತಾಡಿ ಎದ್ದು ಹೋಗತಾರ.
ನನ್ನ ಡಬ್ಬಿ ತಗದು ತೋರಸಂತ
ಯಾರೂ ಅಂದಿಲ್ಲ ಇಲ್ಲಿತನಾ.

ಒಂದು ವರ್ಷ ಕೆನ್ನೀರಿನಾಗ
ಮಡುವಿನ ಬಾಯಾಗ ತತ್ತಿ ತುಂಬಿದ ಬಾಳಿ ಬಿತ್ತು,
ಆಗಿನ ನನ್ನ ಮಗ ಪರಸ್ಯಾನಷ್ಟು ಉದ್ದ.
ಹೊಟ್ಟಿ ಸೀಳಿದ್ರ ಎರಡೂ ಮಗ್ಗಲಿಗೆ
ನವಣಿ ತುಂಬಿದಂಥಾ ಚೀಲ.
ಖಾರಾ ಅರಿಷಿಣ ಹಚ್ಚಿ ಹಂಚಿನ ಮ್ಯಾಲ ಹುರದೆ,
ಓಣಿಗೆಲ್ಲಾ ಕೊಟ್ಟೆ.
ಹಲ್ಲಿನಾಗ ಚಟಚಟ ಒಡೀತಿದ್ವು.
ಎಷ್ಟು ರುಚಿ ಇತ್ತಂದ್ರ
ಮುಂದಿನ ವರ್ಷ ಇಡೀ ಓಣಿ ಕೆನ್ನೀರು ಕಾಯತಿತ್ತು,
ಬುಟ್ಟಿ ಹಿಡಕೊಂಡು.

ನಾಕನೇ ಚಕ್ಕಿ ಕಿರಿಬೆರಳಿನ ಉಗುರು.
ಅದರಿಂದ ಹೆಣದದ್ದು ಕಡಿಮಿ.
ಹುಬ್ಬಳ್ಳಿ ದುರ್ಗದಬೈಲಿನಿಂದ ಪರಸ್ಯಾ
ಸೊಳ್ಳಿಪರದೆಯಂಥಾ ಬಲಿ ತೂಕಕ್ಕ ತರತಾನ,
ಹಸರು, ಹಗೂರ.
ನೀರು ಸೋಸತೈತಿ ಅದು, ಚಾ ಸೋಸಿದಂಗ.

ಮೊನ್ನಿ ಅಮಾಸಿಗೆ ಏಳಾಳಿನ ಮಡು ದಾಟಿ ಬಂದೆ.
ಸೀರಿ ಮೊಣಕಾಲ ತನಕ ಎತ್ತಿದ್ರ ಸಾಕಾತು.
ಹೆಸರು ಮಾತ್ರ ಇನ್ನೂ ಅಷ್ಟ ಆಳ.
ನಟ್ಟನಡುವ ನಿಂತು
ಅಪ್ಪನ ಕಲ್ಲು ಮುಟ್ಟಿದ ತಳ ಎಲ್ಲಿ ಅಂತ
ಹೆಬ್ಬೆರಳಲೆ ರಾಡಿ ಕೆದರಿದೆ.
ಒಂದು ಜಿಲೇಬಿ ಮರಿ ಬಂದು ಹಿಮ್ಮಡ ಚುಚ್ಚಿ ನೋಡಿತು,
ಇದೇನು ತಿನ್ನಾಕ ಬರತೈತೇನು ಅಂತ.

ಮನಿಗೆ ಬಂದು ಅಪ್ಪನ ಚಕ್ಕಿ ತಗದೆ.
ಕೈ ಮರತಿರಲಿಲ್ಲ. ಹದಿನೈದು ದಿನಕ್ಕ ಒಂದು ಬಲಿ.
ಪರಸ್ಯಾ ತನ್ನ ಮುಷ್ಟಿ ಅದರಾಗ ತೂರಿಸಿ ನಕ್ಕ:
ಯವ್ವಾ, ಇದರಾಗ ಏನು ನಿಲ್ಲತೈತಿ?
ಏನೂ ನಿಲ್ಲೂದಿಲ್ಲ, ಅಂದೆ.
ಹಿತ್ತಲದಾಗ ಹೀರಿಬಳ್ಳಿಗೆ ಚಪ್ಪರ ಮಾಡಿ ಕಟ್ಟಿದೆ.

ಇವತ್ತ ಮುಂಜಾನೆ ಒಂದು ಇಣಚಿ
ಒಂದು ಕಣ್ಣಾಗ ಹೊಕ್ಕು ಇನ್ನೊಂದರಾಗ ಹಾದು ಹೋತು.
ದಾರ ಅಲಗಲಿಲ್ಲ.
ಅದರ ಹಿಂದ ಎರಡು ಮರಿ.